ಕೋರಂ

ಅರಸೀಕೆರೆಯಲ್ಲಿ ನಮ್ಮ ಆಫೀಸು ಅಂದರೆ
ಶಫಿಉಲ್ಲಾನ ಸೈಕಲ್ ಅಂಗಡಿಯ ಹಿಂದಿನ ಗೋಡೌನು.
ಗೂಡ್ಸು ಹಾಯುವಾಗ ಬೀರು ನಡುಗುತ್ತದೆ,
ಒಳಗಿನ ರಸೀದಿ ಪುಸ್ತಕಗಳೂ.
ಇಪ್ಪತ್ತಾರು ವಾಕರ್, ಒಂಬತ್ತು ಗಾಲಿಕುರ್ಚಿ,
ನೀರಿನ ಹಾಸಿಗೆ ಎರಡು, ಅದರಲ್ಲೊಂದು ತೂತು.
ಇನ್ನೂರು ರೂಪಾಯಿ ಠೇವಣಿ ಇಟ್ಟು ಒಯ್ಯಿರಿ,
ಕಾಲು ಬಂದ ಮೇಲೆ ತನ್ನಿರಿ.

ತರುವುದಿಲ್ಲ. ಜನ ಕೆಟ್ಟವರೇನಲ್ಲ,
ಸತ್ತವರ ವಾಕರ್ ಹಿಡಿದು ಪೇಟೆಯಲ್ಲಿ ಹಾಯಲು
ಯಾರಿಗೆ ಮನಸ್ಸಾದೀತು?
ಬಾಣಾವರದ ಒಂದು ಹಿತ್ತಿಲಲ್ಲಿ
ನಮ್ಮ ಹನ್ನೊಂದನೇ ನಂಬರಿನ ಮೇಲೆ
ಹೀರೇಬಳ್ಳಿ ಹಬ್ಬಿತ್ತು. ಕಾಯಿ ಬಿಟ್ಟಿತ್ತು.
ಕೀಳಲಾರದೆ ಬಂದು ರಿಜಿಸ್ಟರಿನಲ್ಲಿ ಬರೆದೆ:
‘ಬಳಕೆಯಲ್ಲಿದೆ.’
ಆಡಿಟರ್ ಜಯಕೀರ್ತಿ ಅದರಡಿಗೆ
ಕೆಂಪು ಗೆರೆ ಎಳೆದು, ನಕ್ಕು, ಅಳಿಸದೆ ಬಿಟ್ಟರು.

ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವನು ನಾನು.
ಚಿಲ್ಲರೆ ಬಾಕಿ ಟಿಕೆಟ್ಟಿನ ಬೆನ್ನಿಗೆ ಬರೆದುಕೊಟ್ಟು
ಇಳಿಯುವಾಗ ಮರೆಯದೆ ಕೊಟ್ಟವನು,
ಬಹುತೇಕ.
ಅಷ್ಟೇ ನನಗೆ ಗೊತ್ತಿದ್ದ ಲೆಕ್ಕ.
ಈಗ ಕಾರ್ಯದರ್ಶಿ: ಸೊಸೈಟಿ ನವೀಕರಣ,
ಪೋರ್ಟಲ್ಲು, ಪ್ಯಾನು, ಫಾರಮ್ಮಿಗೊಂದು ಫಾರಮ್ಮು.
ಓಟಿಪಿ ಮಾತ್ರ ಸೊಸೆಯ ಫೋನಿಗೆ,
ಅವಳೋ ಅಂಗನವಾಡಿಯಲ್ಲಿ, ಮಕ್ಕಳ ಗಲಾಟೆಯೊಳಗಿಂದ
ಆರು ಅಂಕಿ ಕೂಗುತ್ತಾಳೆ.

ಕೊಬ್ಬರಿ ಮಂಡಿಯ ಓಂಕಾರಪ್ಪನವರು
ಗಾಲಿಕುರ್ಚಿ ನಾಲ್ಕು ಕೊಡುತ್ತೇನೆಂದರು,
ಬೆನ್ನೊರಗುವ ಕಡೆ ತಾಯಿಯ ಹೆಸರು ಬರೆಸಬೇಕು, ದಪ್ಪಗೆ.
ಕೂತವರ ಬೆನ್ನಿಗೆ ಅದು ಮುಚ್ಚಿಹೋಗುತ್ತಲ್ಲ ಸಾರ್, ಅಂದೆ.
ಹೊತ್ತು ಯೋಚಿಸಿದರು.
‘ಹಂಗಾದ್ರೆ ಹಿಂದುಗಡೆ. ತಳ್ಳೋರು ಓದ್ಲಿ.’

ನಿರ್ದೇಶಕರು ಏಳು ಮಂದಿ. ಕೋರಮ್ಮಿಗೆ ನಾಲ್ವರು.
ಬರುವುದು ಮೂವರು ಮತ್ತು ಒಂದು ಕ್ಷಮಾಪಣೆ.
ಮೊದಲ ಸಭೆಯಲ್ಲಿ ಶಾಲು ಹೊದ್ದು ಹೋದವರೊಬ್ಬರು
ಇನ್ನೂ ಚಳಿ ಬಿಟ್ಟಿಲ್ಲವೇನೋ.

ಇದನ್ನೆಲ್ಲ ಕಟ್ಟಿದವರು ಸಿಸ್ಟರ್ ದಾಕ್ಷಾಯಣಮ್ಮ,
ಸರ್ಕಾರಿ ಆಸ್ಪತ್ರೆಯ ಗ್ರಾಚ್ಯುಟಿ ಇಡಿಯಾಗಿ ಸುರಿದು.
ಚೆಕ್ಕಿಗೆ ಒಂದೇ ಸಹಿ, ಅವರದು.
ಬೈಲಾದಲ್ಲಿ ಹಾಗೇ ಬರೆಸಿದ್ದರು, ಯಾರನ್ನೂ ನಂಬದೆ.
ಜನವರಿಯಲ್ಲಿ ಬ್ಯಾಂಕಿನಿಂದ ಚೆಕ್ಕು ವಾಪಸು:
ಸಹಿ ತಾಳೆಯಾಗುತ್ತಿಲ್ಲ.
ಹಸುಗೂಸಿನ ನರವನ್ನು ಒಂದೇ ಚುಚ್ಚಿಗೆ ಹಿಡಿಯುತ್ತಿದ್ದ ಕೈ,
ಈಗ ಲೋಟ ಹಿಡಿದರೆ ಕಾಫಿ ತಟ್ಟೆಗೆ.

ಹೇಳುವವರು ಯಾರು?
ಮೂರು ತಿಂಗಳು ಬಾಡಿಗೆಯನ್ನು ಜೇಬಿನಿಂದ ಕಟ್ಟಿದೆವು,
ಶಫಿಉಲ್ಲಾ ತನಗೇ ಬರಬೇಕಾದ ಬಾಡಿಗೆಗೆ
ತಾನೇ ಇನ್ನೂರು ಕೊಟ್ಟ.
ನಾಲ್ಕನೇ ತಿಂಗಳು ನಾನೇ ಹೋಗಿ ಹೇಳಿದೆ,
ಬಸ್ಸಿನಲ್ಲಿ ಹೋಲ್ಡಾನ್ ಅನ್ನುವಂತೆ,
ಜೋರಾಗಿ, ಮುಖ ನೋಡದೆ.

ಸಭೆ ಅವರ ಮನೆಯಲ್ಲೇ, ರೈಲ್ವೆ ಗೇಟಿನಾಚೆ.
ಎಂದಿನಂತೆ ಮೂವರು.
ಗೇಟು ಬಿತ್ತು, ಎದ್ದಿತು, ಇನ್ಯಾರೂ ಬರಲಿಲ್ಲ.
‘ನನ್ನನ್ನ ಎಣಿಸಲಿಲ್ವೇನಯ್ಯ,’ ಅಂದರು ಮಂಚದಿಂದ,
‘ನಾನಿನ್ನೂ ಇದ್ದೀನಿ.’
ನಾಲ್ಕಾಯಿತು.

ನಿರ್ಣಯ ಓದಿದೆ. ಕನ್ನಡಕ ಏರಿಸಿ ಕೇಳಿದರು.
‘ಅಶಕ್ತರಾದ ಕಾರಣ’ ಅನ್ನುವಲ್ಲಿ ಕೈ ಅಡ್ಡ ಹಿಡಿದರು.
‘ಅದು ಹೊಡೆದು ಹಾಕು.
ಕೈ ಬದಲಾದ ಕಾರಣ ಅಂತ ಬರಿ.’
ಬರೆದೆ. ಇನ್ನು ಮೂರು ಸಹಿಯಲ್ಲಿ ಯಾವುದಾದರೂ ಎರಡು.
ಅವರು ಹಾಕಿದ ಸಹಿಗೆ ಎರಡು ನಿಮಿಷ ಹಿಡಿಯಿತು,
ಜಯಕೀರ್ತಿ ಕಿಟಕಿ ಕಡೆ ತಿರುಗಿ
ತಿಪಟೂರಿನ ಹವೆಯ ಬಗ್ಗೆ ಏನೋ ಹೇಳಿದರು.

ಹೊರಡುವಾಗ ಕರೆದರು.
‘ಹದಿನೇಳನೇ ನಂಬರು ಒಳಗಿದೆಯಾ? ರಬ್ಬರು ಗಟ್ಟಿ ಅದರದ್ದು.’
ನಾಳೆ ತರುತ್ತೇನೆ, ನಿಮಗೆಂಥ ಠೇವಣಿ, ಅಂದೆ.
ದಿಂಬಿನಡಿಯಿಂದ ಐನೂರರ ನೋಟು ತೆಗೆದು
ನಡುಗುವ ಕೈಯಲ್ಲೇ ಚಾಚಿದರು:
‘ರಸೀದಿ.’

ಹರಿದುಕೊಟ್ಟೆ. ಚಿಲ್ಲರೆ ಇರಲಿಲ್ಲ.
ಬಾಕಿ ಮುನ್ನೂರು,
ಬೆನ್ನಿಗೆ ಬರೆದೆ.