ತೊಟ್ಟಿಯಲ್ಲಿ ಸುಳಿ

ಕರೆಂಟು ಹೋದ ಹೊತ್ತು.
ಮಶೀನುಗಳ ಹೊಟ್ಟೆಯೊಳಗೆ ನೂರಿಪ್ಪತ್ತು ಪ್ಯಾಂಟು
ಒಂದರ ಮೇಲೊಂದು ಬಿದ್ದು ಸುಮ್ಮನಾದವು.
ಕೌಲ್ ಬಜಾರಿನ ಈ ಶೆಡ್ಡಿನಲ್ಲಿ
ತಗಡು ಬಿಸಿಲಿಗೆ ಚಿಟಚಿಟ ಅನ್ನುವುದು
ನನಗೆ ಮೊದಲ ಸಲ ಕೇಳಿಸಿತು.

ಹಿಂದಿನ ತೊಟ್ಟಿಯಲ್ಲಿ ನೀಲಿ ನೀರು,
ಮೇಲೆ ತಾಮ್ರದ ಬಣ್ಣದ ತೆಳು ಕೆನೆ.
ನೊಣ ಕೂತರೂ ಗೊತ್ತಾಗುವಷ್ಟು ನಿಂತಿತ್ತು.

ಶಾಷಾವಲಿ ಬೀಡಿಯನ್ನು ಕಿವಿಗೆ ಸಿಕ್ಕಿಸಿ
ಬಿದಿರು ಕೋಲು ಇಳಿಬಿಟ್ಟ: "ಬಾರಲೇ, ನೋಡಿಲ್ಲಿ."
ಈ ದಂಡೆಯಿಂದ ಆ ದಂಡೆಗೆ ಒಂದೇ ಎಳೆತ,
ಅವಸರವಿಲ್ಲದೆ,
ಹುಣ್ಣಿಗೆ ಮುಲಾಮು ಸವರಿದ ಹಾಗೆ.

ಕೋಲಿನ ಬೆನ್ನಿಗೊಂದು ಸುಳಿ ಎದ್ದು, ಬಲಕ್ಕೆ ತಿರುಗಿ,
ಕಳಚಿಕೊಂಡಿತು.
ಆಮೇಲೆ ಎಡಕ್ಕೊಂದು.
ಮತ್ತೆ ಬಲ. ಮತ್ತೆ ಎಡ.
ಕೆಸರಿನಲ್ಲಿ ಯಾರೋ ನಡೆದುಹೋದ ಹೆಜ್ಜೆಗಳು,
ಆದರೆ ನಡೆದವರು ಆಚೆ ಮುಟ್ಟಿದ ಮೇಲೂ
ತಿರುಗುತ್ತಲೇ ಇರುವ ಹೆಜ್ಜೆಗಳು.

ಕೋಲು ನೆಟ್ಟಗೆ ಹೋಯಿತಲ್ಲ ಚಾಚಾ,
ಈ ಸುತ್ತು ಎಲ್ಲಿಂದ ಬಂತು?

"ಕೋಲಿಗೆ ಅಂಟಿದ ನೀರು ಬರ್ತೀನಿ ಅಂತೈತೆ.
ಆಚೆ ಇರೋ ನೀರು ಒಲ್ಲೆ ಅಂತೈತೆ.
ನಡುವೆ ಸಿಕ್ಕಿದ್ದು ಏನು ಮಾಡಬೇಕು?
ತಿರುಗತೈತೆ."

ತಲೆಗೆ ಸುತ್ತಿದ ಟವೆಲು ಬಿಚ್ಚಿ ಬೆವರೊರೆಸಿಕೊಂಡ.
ನರೆತ ಕ್ರಾಪಿನಲ್ಲಿ ಎರಡು ಸುಳಿ,
ಒಂದರದು ಬಲಸುತ್ತು, ಇನ್ನೊಂದರದು ಎಡಸುತ್ತು.
ಎರಡು ಸುಳಿಯವನಿಗೆ ಎರಡು ಮದುವೆ ಅಂತಾರೆ.
ಇವನಿಗೆ ಒಂದೂ ಆಗಲಿಲ್ಲ.
"ಎದುರುಬದುರು ತಿರುಗಿ ವಜಾ ಆದವು ನೋಡು" ಅಂತ ನಕ್ಕ.
ನಗು ಕೆಮ್ಮಾಯಿತು.

ಕಿಟಕಿಯಾಚೆ ಒಂಟಿ ಬಂಡೆಯ ಗುಡ್ಡ.
ಗಾಳಿ ಅದಕ್ಕೆ ಹಾಯ್ದು, ಎರಡು ಪಾಲಾಗಿ ಬಳಸಿ ಬಂದು
ಬೆನ್ನ ಹಿಂದಿನ ಬಯಲಲ್ಲಿ
ಕೆಂಧೂಳು, ಎರಡು ಪ್ಲಾಸ್ಟಿಕ್ ಚೀಲ, ಯಾರದೋ ರಸೀದಿ
ಎತ್ತಿ ಗಿರಗಿರ ಆಡಿಸುತ್ತಿತ್ತು.
ಅಲ್ಲಿ ಗುಡ್ಡ ಅಲುಗಿಲ್ಲ.
ಇಲ್ಲಿ ನೀರು ಅಲುಗಿರಲಿಲ್ಲ.
ಯಾರು ಹೊರಟರೇನು, ಯಾರು ನಿಂತರೇನು,
ನಡುವಿನದಕ್ಕೆ ತಲೆ ತಿರುಗುವುದು ತಪ್ಪದು.

ಕರೆಂಟು ಬಂತು. ನೆಲ ಗುದುಗುಟ್ಟಿತು.
ತೊಟ್ಟಿಯ ಕೆನೆ ಸೀಳುಸೀಳಾಗಿ ಹೋಯಿತು,
ಕೋಲು ಹೊರಟ ಮೂಲೆಯೊಂದು ಬಿಟ್ಟು.
ಅಲ್ಲಿ ಮೊದಲನೆಯ ಸುಳಿ
ಅಗಲವಾಗಿ, ಸೋಮಾರಿಯಾಗಿ,
ಒಂದು ನೂಲಿನ ಎಳೆಯನ್ನು ಹೊತ್ತು
ಇನ್ನೂ ಸುತ್ತುತ್ತಿತ್ತು.

ತಲೆಯೆತ್ತಿದೆ. ಶಾಷಾವಲಿ ಆಗಲೇ ಹೊರಟಿದ್ದ
ಮಶೀನಿನ ಕಡೆ, ನೆಟ್ಟಗೆ.
ತಗಡಿನ ತೂತಿನಿಂದ ಇಳಿದ ಬಿಸಿಲುಕೋಲನ್ನು ದಾಟಿದ.
ಅವನು ಹೋದ ಮೇಲೆ ಬಿಸಿಲಿನಲ್ಲಿ
ನೀಲಿ ಹತ್ತಿ ಧೂಳು
ಬಲಕ್ಕೊಮ್ಮೆ,
ತಡೆದು,
ಎಡಕ್ಕೊಮ್ಮೆ.