ಪುಟ ನಲವತ್ತೊಂದು

ಭಾನುವಾರ ಎರಡು ಗಂಟೆಗೆ ಷಟರ್ ಅರ್ಧ ಇಳಿಸಿ
ಲೋಕವನ್ನು ಮುಗಿಸುತ್ತೇವೆ.
ಆಮೇಲೆ ಟೀ.

ಅಶೋಕಪುರಂನಲ್ಲಿ ನನ್ನದು ಜೆರಾಕ್ಸ್ ಅಂಗಡಿ.
ಆಟದ ಪುಸ್ತಕವೂ ಜೆರಾಕ್ಸೇ,
ಯಾರೋ ತಂದ ಪ್ರತಿಯ ಪ್ರತಿಯ ಪ್ರತಿ.
ಟೋನರ್ ಮುಗಿಯುತ್ತ ಬಂದ ದಿನ ತೆಗೆದದ್ದು,
ಅದಕ್ಕೇ ನಲವತ್ತೊಂದನೇ ಪುಟ ಬೂದಿ ಬಳಿದ ಹಾಗಿದೆ.
ಬಾಂಬು ಬಿದ್ದು ಮುನ್ನೂರು ವರ್ಷವಾದ ಮೇಲೆ
ಯಾರ ಮೈಯಲ್ಲಿ ಏನು ಮೊಳೆಯುತ್ತದೆ
ಎಂಬ ಪಟ್ಟಿ ಇರುವುದು ಅಲ್ಲೇ.

ಅಂಥವರಿಗೆ ಏನು ಹೆಸರಿಡುವುದು ಎಂದು ವಾರವೆಲ್ಲ ತಡಕಾಡಿದೆ.
ಕೊನೆಗೆ ಮೊಳೆಗೆ ನೇತುಹಾಕಿದ ಹಳೇ ಪಂಚಾಂಗ ಕೊಟ್ಟಿತು: ವಿಕಾರಿ.
ಅರವತ್ತು ವರ್ಷಕ್ಕೊಮ್ಮೆ ಇಡೀ ಒಂದು ವರ್ಷವನ್ನೇ
ಹಾಗೆ ಕರೆಯುತ್ತೇವೆ,
ವರ್ಷ ಬೇಜಾರು ಮಾಡಿಕೊಂಡದ್ದಿಲ್ಲ.

ಹತ್ತು ಮುಖದ ದಾಳ ಬೀರುವಿನಡಿ ಉರುಳಿ ಎರಡು ತಿಂಗಳು.
ಈಗ ಕವಡೆ. ನಿಂಗರಾಜುವಿನ ಅವ್ವನ ಚೌಕಾಬಾರದ ಕವಡೆ,
ಏಳು ಗಂಟೆಯೊಳಗೆ ಮನೆ ಸೇರಬೇಕು.
ಎಷ್ಟು ಅಂಗಾತ, ಎಷ್ಟು ಬೋರಲು
ಎಣಿಸಿ ನಾನೇ ಲೆಕ್ಕ ಕಟ್ಟುತ್ತೇನೆ.

ಮುನ್ನೂರು ವರ್ಷದಾಚೆ ನಮ್ಮೂರು ಹೀಗಿದೆ:
ಕನ್ನಂಬಾಡಿ ಕಟ್ಟೆಯ ಗೇಟು ತೆರೆಯಬಲ್ಲವಳು ಒಬ್ಬಳೇ ಮುದುಕಿ,
ಅವಳಿಗೆ ಕೂಲಿ ಉಪ್ಪಿನಲ್ಲಿ ಕೊಡಬೇಕು.
ರಿಂಗ್ ರೋಡಿನ ತುಂಬ ಕಬ್ಬು. ರಾತ್ರಿ ಬೇರು ಕಿತ್ತುಕೊಂಡು ನಡೆಯುತ್ತದೆ.
'ನಡ್ಯೋ ಕಬ್ಬಾ!' ಪಾಂಡವಪುರದ ಚೆಲುವರಾಜ ತೊಡೆ ತಟ್ಟಿದ,
'ಲಾರಿ ಬಾಡ್ಗೆ ಉಳೀತು ಬುಡು,
ತಾನೇ ಓಗಿ ತೂಕದ ಮೇಲೆ ನಿಂತ್ಕತದೆ.'

ಬನ್ನಿಮಂಟಪದ ಕಡೆ ಶಾಯಿ ಕಾರ್ಖಾನೆಯ ಪಾಳು.
ಅಲ್ಲಿ ಹುಟ್ಟುವ ಕೂಸುಗಳ ಎಡ ತೋರುಬೆರಳಿಗೆ
ಹುಟ್ಟುತ್ತಲೇ ಒಂದು ಕಪ್ಪು ಗೀಟು.
ಯಾಕೆಂದು ಯಾರಿಗೂ ನೆನಪಿಲ್ಲ.
ಇವರನ್ನು ಎಣಿಸಿ ಆಗಿದೆ ಎನ್ನುತ್ತದೆ ಒಂದು ಪಂಗಡ,
ಇವರ ಸರದಿ ಮುಗಿದಿದೆ ಎನ್ನುತ್ತದೆ ಇನ್ನೊಂದು.
ಅದಕ್ಕಾಗಿ ನಲವತ್ತು ವರ್ಷದಿಂದ ಕಲ್ಲೆಸೆತ.

ನಿಖತ್ ಉದಯಗಿರಿಯವಳು, ಸ್ಕೂಲ್ ಯೂನಿಫಾರಂ ಹೊಲಿಯುತ್ತಾಳೆ,
ತೋಳಿಗೆ ಯಾವಾಗಲೂ ಒಂದೆಳೆ ಖಾಕಿ ನೂಲು ಅಂಟಿರುತ್ತದೆ.
ಹೊಸ ಪಾತ್ರಕ್ಕೆ ಕವಡೆ ಎಸೆದಳು.
ಪುಟವನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ಓದಿದೆ:
ಹೆಚ್ಚುವರಿ ಬೆರಳು, ಒಂದು.
'ಅದರಿಂದೇನೂ ಆಗಲ್ಲ, ಇನ್ನೊಂದ್ಸಲ ಹಾಕು,
ರೆಕ್ಕೆ ಬಂದರೂ ಬರಬಹುದು.'

ಅವಳು ಕವಡೆ ಮುಟ್ಟಲಿಲ್ಲ.
ಎಡಗೈ ಚಾಚಿದಳು. ಕಿರುಬೆರಳ ಬದಿಗೆ
ಅವರೆಬೇಳೆಯಷ್ಟು ನುಣುಪು.
ಹುಟ್ಟಿದಾಗ ಇತ್ತಂತೆ. ನಾನಿ ರೇಷ್ಮೆ ನೂಲು ಬಿಗಿದಳಂತೆ.
ಒಂಬತ್ತನೇ ದಿನ ಒಣಗಿ ತೊಟ್ಟಿಲಲ್ಲಿ ಬಿದ್ದಿತ್ತಂತೆ.
ಎಲ್ಲಿ ಹೂತರೋ, ಕೇಳಿದರೆ ಮಾತು ಬದಲಿಸುತ್ತಾರಂತೆ.
'ಬಂದಿದೆಯಲ್ಲ. ಬರ್ಕೊಳ್ಳಿ.'

ಬರೆದುಕೊಂಡೆ. ಉಪಯೋಗ ಎಂಬ ಕಾಲಂ ಪೂರ್ತಿ ಅಳಿಸಿಹೋಗಿತ್ತು.
'ಸೂಜಿಗೆ ದಾರ ಪೋಣ್ಸಕ್ಕೆ' ಎಂದ ಚೆಲುವರಾಜ,
ಅಂದು ನಾಲಿಗೆ ಕಚ್ಚಿಕೊಂಡ.
ಅವಳೇ ಮೊದಲು ನಕ್ಕಳು.

ಪಾಳಿನ ಬಾಗಿಲಲ್ಲಿ ಕಾವಲುಗಾರ. ದನಿ ನನ್ನದೇ, ಸ್ವಲ್ಪ ಗೊಗ್ಗರು:
ಬೆರಳು ತೋರಿಸು.
ತೋರುಬೆರಳು ಖಾಲಿ. ಆರನೆಯದನ್ನು ಎತ್ತಿದಳು,
ಗಾಳಿಯಲ್ಲಿ, ನುಣುಪಿನ ಪಕ್ಕ, ಏನೂ ಇಲ್ಲದ ಕಡೆ.
ಅದಕ್ಕೆ ಗೀಟು ಹಾಕುವ ಕ್ರಮ ನಮ್ಮಲ್ಲಿಲ್ಲ, ಎಂದೆ.
'ಹಾಗಾದ್ರೆ ಇದನ್ನ ಇನ್ನೂ ಯಾರೂ ಎಣಿಸಿಲ್ಲ.'

ಕಾವಲುಗಾರನಿಗೆ ಏನು ಹೇಳಿಸಬೇಕೋ ತೋಚಲಿಲ್ಲ.
ಪುಸ್ತಕ ತಿರುವಿದೆ. ಹೊರಗೆ ರೈಲು ಡಬ್ಬಿ ಶಂಟಿಂಗ್ ಆಗುವ ಸದ್ದು.
ಒಳಗೆ ಬಿಟ್ಟೆ.

ಆರೂವರೆಗೆ ನಿಂಗರಾಜು ಕವಡೆ ಎಣಿಸಿ ಜೇಬಿಗಿಳಿಸಿದ.
ಷಟರ್ ಎತ್ತಿದರೆ ಲೋಕ ಅಲ್ಲೇ ಇತ್ತು,
ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿತ್ತು:
'ಆಧಾರ್. ಎರಡೂ ಕಡೆ, ಒಂದೇ ಹಾಳೇಲಿ.'
ಗಾಜಿನ ಮೇಲೆ ಇಟ್ಟು ಮುಚ್ಚಳ ಮುಚ್ಚಿದೆ.
ಹಸಿರು ಬೆಳಕು ಆ ಬದಿಗೆ ಹೋಗಿ
ವಾಪಸ್ ಬಂತು.