ಗೇಟು ಹಾಕಿದ ಹೊತ್ತು

ಒಮಾನಿನಲ್ಲಿ ಸೂರ್ ಅಂತ ಒಂದು ಊರು.
ಅಲ್ಲಿಯ ಬಸ್ಸಿನಲ್ಲಿ ಹದಿನೇಳು ವರ್ಷ
ಬಾಯಿತುಂಬ ಜಗಳವಾಡಿದೆವು ನಾವು, ಎಲ್ಲರ ನಡುವೆ,
ಕನ್ನಡದಲ್ಲಿ.
ಬಾಡಿಗೆ, ಅವನ ತಮ್ಮನ ಸಾಲ, ನಿಲ್ಲದೆ ಹೋದ ಎರಡು ಬಸಿರು,
ಎಲ್ಲವನ್ನೂ ಗಟ್ಟಿಯಾಗಿ.
ಎದುರು ಸೀಟಿನ ಮಲಯಾಳಿ ನರ್ಸು ಕಿಟಕಿ ನೋಡುತ್ತಿದ್ದಳು,
ಡ್ರೈವರು ರೇಡಿಯೋ ತಿರುವುತ್ತಿದ್ದ.
ಕನ್ನಡವೆಂದರೆ ನಮಗೆ ಚಿಲಕ ಹಾಕಿದ ಕೋಣೆ,
ಹೋದಲ್ಲೆಲ್ಲ ಹೊತ್ತೊಯ್ಯುತ್ತಿದ್ದೆವು.

ಈಗ ದಾವಣಗೆರೆ. ಕೆ.ಟಿ.ಜೆ. ನಗರದಲ್ಲಿ ಮಹಡಿ ಮನೆ,
ಕೆಳಗೆ ಹಿಟ್ಟಿನ ಗಿರಣಿ.
ಬಂದ ಹೊಸತರಲ್ಲಿ ಹಾಲೇಶ ಒಮ್ಮೆ
‘ನಿನ್ನ ಪಗಾರದ ಲೆಕ್ಕ ಸಾಕು ಮಾಡು’ ಅಂದ.
ಅದೇ ಹೊತ್ತಿಗೆ ಗಿರಣಿ ನಿಂತಿತು.
ಜೋಳ ಬೀಸಿಸಲು ಬಂದ ನಾಲ್ಕು ಹೆಂಗಸರು ತಲೆಯೆತ್ತಿದರು.
ಮರುದಿನ ಸೊಪ್ಪಿನವಳು ಕೇಳಿದಳು,
‘ಅಲ್ಲಿ ನಿಮ್ಗೇ ಜಾಸ್ತಿ ಪಗಾರ ಇತ್ತಂತಲ್ರೀ ಅಕ್ಕ?’

ಇತ್ತು.
ನಾನು ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳು,
ಅವನು ಮೀನಿನ ಕಾರ್ಖಾನೆಯ ಕೋಲ್ಡ್ ರೂಮುಗಳ ಮೆಕ್ಯಾನಿಕ್.
ಹೊರಗೆ ನಲವತ್ತೈದು ಡಿಗ್ರಿ,
ಒಳಗೆ ಸೊನ್ನೆಗಿಂತ ಹದಿನೆಂಟು ಕೆಳಗೆ.
ಮಂಡಿ ಅಲ್ಲೇ ಹೋಯಿತು ಅವನದು.

ಅಲ್ಲಿ ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದೆ.
ಇಲ್ಲಿ ಅವನ ಅತ್ತಿಗೆಯ ಎದುರು ‘ಇವ್ರು’ ಅನ್ನಬೇಕು.
ಮೊದಲ ವಾರ ಹಾಗಂದಾಗೆಲ್ಲ
ಅವನು ಹಿಂದೆ ತಿರುಗಿ ನೋಡುತ್ತಿದ್ದ,
ಯಾರು ಬಂದರೆಂದು.

ಹನ್ನೊಂದು ಪೆಟ್ಟಿಗೆ ತಂದೆವು, ಎಂಟು ಬಿಚ್ಚಿದೆವು.
ಒಂದರಲ್ಲಿ ಅರ್ಧ ಮುಗಿದ ಸೋಪಿನ ಪುಡಿಯ ಡಬ್ಬ.
ಯಾಕೆ ತಂದೆವೋ ಇಬ್ಬರಿಗೂ ನೆನಪಿಲ್ಲ.
ಒಂದು ಮಧ್ಯಾಹ್ನ ಮುಚ್ಚಳ ತೆಗೆದು ಮೂಸುತ್ತ ಕೂತಿದ್ದೆ,
ಕುಕ್ಕರು ಆರು ಸೀಟಿ ಹೊಡೆಯಿತು.

ಮಂಡಿಪೇಟೆಯ ಪಾತ್ರೆ ಅಂಗಡಿಯಲ್ಲಿ ಶುರುವಾಯಿತು ಅದು.
ಅವನ ಕಿವಿಯಲ್ಲಿ ‘ಗಾಲಿ’ ಅಂದೆ. ಅರಬ್ಬಿಯಲ್ಲಿ, ತುಟ್ಟಿ ಅಂತ.
ಅಂಗಡಿಯವ ಬೀದಿಗೆ ಇಣುಕಿ
‘ಯಾವ ಗಾಲಿ ಅಮ್ಮಾ?’ ಅಂದ.
ಊರಿಗೆ ಬಂದ ಮೇಲೆ ಅವತ್ತೇ ಮೊದಲು
ಇಬ್ಬರೂ ಒಂದೇ ಸಲ ನಕ್ಕಿದ್ದು.

ಸಾಹೇಬನ ಮುಂದೆ, ವೀಸಾ ಕಿಟಕಿಯ ಮುಂದೆ
ತಲೆ ತಗ್ಗಿಸಿ ಆಡಿದ ಮುರುಕು ಅರಬ್ಬಿ
ಈಗ ನಮ್ಮ ಪಲ್ಲಂಗದ ಮಾತು.
ಗಿರಣಿ ನಿಂತರೂ ಹೆದರಿಕೆಯಿಲ್ಲ.

ನಿನ್ನೆ ಸಂಜೆ ಅಶೋಕ ರೋಡಿನ ಗೇಟು ಹಾಕಿತ್ತು.
ಆಚೆ ಅರ್ಧ ಊರು, ಈಚೆ ಅರ್ಧ ಊರು,
ನಡುವೆ ಹಳಿ.
ಆಟೋ, ಸೈಕಲ್ಲು, ಮೆಕ್ಕೆಜೋಳದ ಟ್ರ್ಯಾಕ್ಟರು,
ಮಂಡಕ್ಕಿ ಗಾಡಿಯವ ಈರುಳ್ಳಿ ಹೆಚ್ಚುತ್ತಿದ್ದ.
ಸ್ಕೂಟರಿನ ಹಿಂದೆ ಕೂತು ಕೇಳಿಯೇಬಿಟ್ಟೆ,
ಎಷ್ಟೋ ದಿನದಿಂದ ದವಡೆಯಲ್ಲಿ ಒತ್ತಿಟ್ಟುಕೊಂಡಿದ್ದನ್ನು:
‘ಅನಾ, ಇಂತಾ, ರೂಹ್?’
ನಾನು, ನೀನು, ಹೋಗೋದು.
ವ್ಯಾಕರಣ ನಮಗೆ ಅಲ್ಲೂ ಬಂದಿರಲಿಲ್ಲ.

ಹಾಲೇಶ ಸುಮ್ಮನಿದ್ದ.
ಮಂಡಕ್ಕಿ ಗಾಡಿಯಿಂದ ಬಂತು ಉತ್ತರ,
ನಮಗಿಂತ ಚೊಕ್ಕ ಅರಬ್ಬಿಯಲ್ಲಿ,
ಚಾಕು ನಿಲ್ಲಿಸದೆ, ತಲೆಯೆತ್ತದೆ.
ಆಮೇಲೆ ಕನ್ನಡದಲ್ಲಿ:
‘ಸ್ವಲ್ಪ ತಾಳ್ರಿ ಅಕ್ಕಾ. ನಾನು ದಮಾಮ್. ಹನ್ನೆರಡು ವರ್ಸ.
ಬಂದು ಒಂಬತ್ತಾತು.
ಮೊದಲ್ನೇ ಬ್ಯಾಸಿಗಿ ಒಂದ್ ಕಳೀಬೇಕು ನೋಡ್ರಿ.
ಖಾರ ಎಷ್ಟ್ ಹಾಕ್ಲಿ?’

ಅವನ ಮುಂಗೈಯ ನರ,
ಕತ್ತಲಲ್ಲೂ ಸೂಜಿಗೆ ಸಿಗುವಂಥದು,
ಈರುಳ್ಳಿಯ ಮೇಲೆ ಏಳುತ್ತಿತ್ತು, ಇಳಿಯುತ್ತಿತ್ತು.
ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ.
ಈರುಳ್ಳಿ ಹತ್ತಿರವೇ ಇತ್ತಲ್ಲ.

ಗೂಡ್ಸು ಬಂತು, ಮುಗಿಯದ ಗೂಡ್ಸು.
ಹಾಲೇಶ ಡಬ್ಬಿ ಎಣಿಸುತ್ತಿದ್ದ;
ಯಾವ ಭಾಷೆಯಲ್ಲೋ,
ಸ್ಕೂಟರಿನ ಕನ್ನಡಿಯಲ್ಲಿ ತುಟಿ ಕಾಣುತ್ತಿತ್ತು, ತಿಳಿಯಲಿಲ್ಲ.
ಕಡೆಯ ಡಬ್ಬಿ ಹೋಯಿತು, ಗೇಟು ಎದ್ದಿತು,
ಹಿಂದಿನಿಂದ ಇಡೀ ಊರು ಹಾರನ್ ಒತ್ತಿತು.
ಅವನು ಇನ್ನೂ ಎಣಿಸುತ್ತಲೇ ಇದ್ದ.

‘ಹಾಲೇಶಾ,’ ಅಂದೆ, ಗಟ್ಟಿಯಾಗಿ,
ಟ್ರ್ಯಾಕ್ಟರಿನವನಿಗೂ ಕೇಳುವ ಹಾಗೆ,
‘ಗಾಡಿ ತೆಗಿ.’